ಎಡಗೈ ಪೆಟ್ಟು

ಕಪ್ಪತಗುಡ್ಡದ ಸೆರಗಿನಲ್ಲಿ
ಗಾಳಿಫ್ಯಾನಿನ ನೆರಳು ಬೀಸಿ ಬೀಸಿ ಹೋಗುವ ದಿನ್ನೆಯ ಮೇಲೆ
ನಾಲ್ಕು ಚಪ್ಪಡಿ ನಿಂತಿವೆ, ಒಂದು ಮೇಲೆ ಮಲಗಿದೆ.
ಊರವರು ಮೋರ್ಯಾರ ಮನಿ ಅನ್ನುತ್ತಾರೆ.
ಮೂರು ಗೇಣಿನ ಮಂದಿಯಂತೆ,
ಬೆಂಕಿಮಳೆ ಬರುತ್ತದೆಂದು ಯಾರೋ ಹೇಳಿದ್ದಕ್ಕೆ
ಕಲ್ಲು ಹೊದ್ದು ಮಲಗಿದವರು
ಇನ್ನೂ ಎದ್ದಿಲ್ಲ.

ಮೂಡಣದ ಚಪ್ಪಡಿಗೆ ಒಂದು ತೂತು.
ದುಂಡಗೆ, ಬೀಸುಕಲ್ಲಿನ ಬಾಯಿಗಿಂತ ದೊಡ್ಡದು,
ಆಗ ಹುಟ್ಟಿದ ಕೂಸು ನುಸುಳುವಷ್ಟು.

ಫ್ಯಾನಿನ ಬುಡಕ್ಕೆ ಜಲ್ಲಿ ಬೇಕೆಂದು
ಕಂತ್ರಾಟದಾರ ಅಪ್ಪನನ್ನು ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದ.
ಹಾರಿ, ಸುತ್ತಿಗೆ, ಹನ್ನೆರಡು ಬೆಣೆ, ಬುತ್ತಿಗಂಟು, ನಾನು.
ಅಪ್ಪ ತೂತಿನ ಅಂಚಿಗೆ ಹೆಬ್ಬೆರಳು ಇಟ್ಟ.
ಕಣ್ಣು ಮುಚ್ಚಿ ಒಂದು ಸುತ್ತು ತಿರುಗಿಸಿದ.
"ಇದು ಮೂರು ಗೇಣಿನ ತೋಳಿನ ಪೆಟ್ಟಲ್ಲ.
ನನ್ನಷ್ಟ ಎತ್ತರದಾಂವ.
ಎರಡೂ ಕಡಿಂದ ಕುಟಗೋತ ಬಂದಾನ, ನಡುವ ಸಣ್ಣ ಆಗೇತಿ ನೋಡು.
ಕಲ್ಲು ಮಲಗಿದ್ದಾಗ ಮಾಡಿದ್ದು, ಆಮ್ಯಾಲ ನಿಂದರ್ಸ್ಯಾರ."
ಮತ್ತೆ ಹೆಬ್ಬೆರಳು ಒಂದು ಸುತ್ತು.
"ಎಡಗೈಯಾಂವ."

ನನ್ನ ಎಡಗೈಯಲ್ಲಿ ರೊಟ್ಟಿ ಇತ್ತು.
ಅವ್ವ ಸೌಟಿನಿಂದ ಎಷ್ಟೋ ಸಲ ಬಾರಿಸಿದ ಕೈ.
ಯಾರೂ ನೋಡಲಿಲ್ಲ.

ಬೆಣೆಯ ಗಂಟು ಬಿಚ್ಚಲಿಲ್ಲ ಅಪ್ಪ.
ಕಂತ್ರಾಟದಾರ ಬಾಯಿಗೆ ಬಂದಂತೆ ಬೈದು
ಟ್ರ್ಯಾಕ್ಟರು ಹತ್ತಿ ಹೋದ.
ಒಂಬತ್ತು ಮೈಲು ನಡೆದೆವು, ಹಾರಿ ಹೊತ್ತುಕೊಂಡು.
ಯಾಕೆ ಒಡೆಯಲಿಲ್ಲ ಅಂತ ಕೇಳಿದೆ, ಹಳ್ಳ ದಾಟುವಾಗ.
"ಕೆಲಸದ ಮ್ಯಾಲಿರೋ ಕಲ್ಲು ಅದು" ಅಂದ.
"ಕೆಲಸದ ಮ್ಯಾಲಿದ್ದಾಂವನ ಎಬ್ಬಿಸಬಾರ್ದು."
ಫ್ಯಾನು ಎದ್ದವು, ಬೇರೆ ಕಲ್ಲಿನ ಮೇಲೆ.

ಮುಂದೆ ಯಾವಾಗಲೋ ಧಾರವಾಡದಿಂದ ಮೇಗಳಮನಿ ಸರ್ ಬಂದರು,
ಟೇಪು, ಸೀಮೆಸುಣ್ಣ, ಜರಡಿ ತಗೊಂಡು.
ಮಣ್ಣು ಸಾಣಿಸಲು ದಿನಗೂಲಿಗೆ ಅಪ್ಪ, ನಾನು.
ಸಿಕ್ಕದ್ದು: ಹೊರಗೆ ಕೆಂಪು ಒಳಗೆ ಕಪ್ಪು ಮಡಕೆಯ ಚೂರು,
ಒಂದು ಹಿಡಿ ಎಲುಬು, ಇಡೀ ಮನುಷ್ಯನಿಗೆ ಸಾಲದಷ್ಟು,
ತುಕ್ಕು ತಿಂದ ಒಂದು ಚಾಣ.
ಅದನ್ನೆತ್ತಿಕೊಂಡ ಅಪ್ಪನ ಕೈ
ತಾನಾಗಿಯೇ ಹಿಡಿತ ಕೂಡಿಸಿತು.
"ಕೆಳಗಿಡ್ರಿ, ಕೆಳಗಿಡ್ರಿ" ಅಂದರು ಸರ್.

ಊಟದ ಹೊತ್ತಿಗೆ ತೂತಿನ ಅರ್ಥ ಹೇಳಿದರು.
ಆತ್ಮ ಹೋಗಿಬರುವ ದಾರಿ ಇರಬಹುದು.
ಗರ್ಭದ ಬಾಯಿ ಇರಬಹುದು.
ಇಲ್ಲ, ಸೂರ್ಯ.
ಅಪ್ಪ ಮೂರಕ್ಕೂ ತಲೆಯಾಡಿಸಿದ.
"ಇರಬೇಕ್ರಿ. ಇಂಥಾ ಕಲ್ಲಿಗೆ ಇಷ್ಟು ತೂತು ತಗೀಲಿಕ್ಕ
ಹನ್ನೊಂದು ದಿನ ಬೇಕು.
ಹನ್ನೊಂದು ದಿನ ಅವಂಗ ರೊಟ್ಟಿ ಯಾರು ಕೊಟ್ರು,
ಅದನ್ನೊಂದು ಬರ್ಕೋರಿ."
ಸರ್ ನಕ್ಕರು. ಒಳ್ಳೆಯವರೇ.
ಪೆನ್ನು ಕಿಸೆಯಲ್ಲೇ ಇತ್ತು.

ಅಪ್ಪ ಹೋದದ್ದು ಸಿಡಿಮದ್ದಿನಿಂದಲ್ಲ, ಉರುಳಿದ ಬಂಡೆಯಿಂದಲ್ಲ,
ನಲವತ್ತು ವರ್ಷ ಎದೆಯೊಳಗೆ ಇಳಿದು ಕೂತ ಧೂಳಿನಿಂದ.
ಗದಗಿನ ದವಾಖಾನೆಯಲ್ಲಿ ಫೋಟೋ ಬೆಳಕಿಗೆ ಹಿಡಿದು ತೋರಿಸಿದರು:
ಕಪ್ಪು ಹೊಲದಲ್ಲಿ ಜೋಳ ಚೆಲ್ಲಿದಂತೆ ಬಿಳಿ ಚುಕ್ಕೆ.
ಹುಲುಗಪ್ಪ ವಡ್ಡರ, ಅಂತ ಮೂಲೆಯಲ್ಲಿ ಹೆಸರು.

ಮಣ್ಣು ಕೊಟ್ಟು ಬಂದ ಮರುದಿನ ದಿನ್ನೆಗೆ ಹೋದೆ.
ಏಳು ಗಂಟೆಯ ಬಿಸಿಲು ತೂತಿನಿಂದ ಒಳಗೆ ಬಿದ್ದು
ನೆಲದ ಮೇಲೆ ಒಂದು ರೊಟ್ಟಿ ಹಾಕಿತ್ತು.
ನೋಡುತ್ತ ನೋಡುತ್ತ ಗೋಡೆಯ ಕಡೆ ಸರಿಯಿತು,
ಮೂಲೆಯಲ್ಲಿ ಮುರಿಯಿತು,
ಯಾರೋ ಉಂಡಂತೆ ಮುಗಿಯಿತು.

ನಮ್ಮ ಅಂಗಳದಲ್ಲಿ ಅಪ್ಪ ಅರ್ಧಕ್ಕೆ ಬಿಟ್ಟ ಚಪ್ಪಡಿ ಇದೆ,
ಯಾರದೋ ಹೊಸ್ತಿಲಿಗೆಂದು ತಂದದ್ದು.
ಮಲಗಿರುವಾಗಲೇ ಶುರುಮಾಡಿದೆ.
ಏನು ಮಾಡುತ್ತೀ ಅಂತ ಅವ್ವ ಕೇಳಲಿಲ್ಲ.
ದಿನಾ ರೊಟ್ಟಿ ತಂದಿಡುತ್ತಾಳೆ,
ನನ್ನ ಎಡಗೈ ಹತ್ತಿರ.

ಇವತ್ತಿಗೆ ಹನ್ನೊಂದು.
ಮಂದಿ ಉಂಡರು, ಎದ್ದರು, ಎಲೆ ಎತ್ತಿದರು.
ನಾಲ್ಕು ಬೆರಳು ಇಳಿದಿದ್ದೇನೆ.
ಆಚೆ ಬದಿಯ ಗಾಳಿ
ಇನ್ನೂ ತಾಗಿಲ್ಲ.